ಕೆಲಸ ಕೊಡಿಸ್ತೀನಿ ಅಂದವರು ಯಾರು? ಹಾಸ್ಟೆಲ್‌ಗಳಿಂದ ಬಂದ ಪತ್ರಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಹಾಸ್ಟೆಲ್ ಮಕ್ಕಳದ್ದೇ. ಹಿಂದಿನ ಸಂಚಿಕೆಯಲ್ಲಿ ಮಾನವ ಕಳ್ಳಸಾಗಣೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಹದಿನಾಲ್ಕು ವರ್ಷ ಹುಡುಗಿಯರ ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಹಾಗಾಗಿ ಈ ಪತ್ರಗಳನ್ನು ಓದುವಾಗ ಯಾವ ಕೋಣೆಯಲ್ಲಿ, ಯಾವ ಹೊತ್ತಿನಲ್ಲಿ ಕೂತು ಬರೆದಿರಬಹುದು ಅನ್ನುವುದೂ ಕಣ್ಣಿಗೆ ಕಟ್ಟುತ್ತದೆ. ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ನಮ್ಮ ಎನ್‌ಎಸ್‌ಎಸ್ ಘಟಕಕ್ಕೆ ಮಾನವ ಕಳ್ಳಸಾಗಣೆ ಬಗ್ಗೆ ಅರಿವು ಕಾರ್ಯಕ್ರಮ ಮಾಡಲು ಹೇಳಿದ್ದಾರೆ. ಹೋದ ವರ್ಷ ಭಾಷಣ ಇತ್ತು, ಹಿಂದಿನ ಸಾಲಿನವರೆಲ್ಲ ಫೋನ್ ನೋಡುತ್ತಾ ಕೂತಿದ್ದರು. ನಿಜ ಹೇಳಬೇಕೆಂದರೆ ನನಗೂ ಇದು ನಮಗೆ ಸಂಬಂಧಪಟ್ಟ ವಿಷಯ ಅನ್ನಿಸಲಿಲ್ಲ. ನಾವು ಓದಿದವರು, ನಮ್ಮನ್ನು ಯಾರು ಎತ್ತಿಕೊಂಡು ಹೋಗುತ್ತಾರೆ?
(ಎರಡನೇ ವರ್ಷದ ಬಿ.ಎಸ್ಸಿ., ದಾವಣಗೆರೆ)

ನಿಮ್ಮ ಪತ್ರದ ಕೊನೇ ಸಾಲಿನಿಂದಲೇ ಶುರು ಮಾಡೋಣ. ಯಾರೂ ಎತ್ತಿಕೊಂಡು ಹೋಗುವುದಿಲ್ಲ. ನೀವೇ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತೀರಿ, ನೀವೇ ಬಸ್ ಹತ್ತುತ್ತೀರಿ, ಗೆಳತಿಯರು ಬಸ್ ಸ್ಟ್ಯಾಂಡಿಗೆ ಬಂದು ಕೈ ಬೀಸುತ್ತಾರೆ, ಅಮ್ಮ ಚಕ್ಕುಲಿ ಕಟ್ಟಿ ಕಳಿಸುತ್ತಾರೆ. ಕರೆದುಕೊಂಡು ಹೋಗುವವರು ಹೆಚ್ಚಾಗಿ ಗುರುತಿನವರೇ. ದೂರದ ನೆಂಟ, ಊರಿನ ಅಣ್ಣ, ಸೀನಿಯರ್, ಆರು ತಿಂಗಳಿಂದ ದಿನಾ ಮಾತಾಡುತ್ತಿರುವ ಹುಡುಗ. ಹೋಗಿ ಸೇರಿದ ಮೇಲೆ ಹೇಳಿದ ಕೆಲಸ ಇರುವುದಿಲ್ಲ, ಬೇರೆ ಏನೋ ಇರುತ್ತದೆ, ವಾಪಸ್ ಬರಲು ಬಿಡುವುದಿಲ್ಲ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ನೋಡಿ. ಬೆದರಿಸಿ, ಅಪಹರಿಸಿ ಕರೆದೊಯ್ಯುವುದಷ್ಟೇ ಅಲ್ಲ, ಸುಳ್ಳು ಹೇಳಿ, ಆಮಿಷ ತೋರಿಸಿ, ತನಗಿರುವ ಅಧಿಕಾರವನ್ನು ಬಳಸಿಕೊಂಡು ಒಬ್ಬರನ್ನು ಶೋಷಣೆಗಾಗಿ ಕೆಲಸಕ್ಕೆ ಸೇರಿಸುವುದು, ಸಾಗಿಸುವುದು, ಇಟ್ಟುಕೊಳ್ಳುವುದು, ಇನ್ನೊಬ್ಬರ ಕೈಗೆ ಒಪ್ಪಿಸುವುದು ಎಲ್ಲವೂ ಕಳ್ಳಸಾಗಣೆಯೇ. ಕನಿಷ್ಠ 7 ವರ್ಷ ಜೈಲು. ಸಿಕ್ಕಿಬಿದ್ದವರು ‘ನಾನೇ ಒಪ್ಪಿ ಹೋದೆ’ ಅಂದರೂ ಅಪರಾಧ ಅಪರಾಧವೇ, ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಅದೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಈ ಒಂದು ಮಾತನ್ನು ಹಾಸ್ಟೆಲ್‌ನ ಪ್ರತಿಯೊಬ್ಬರಿಗೂ ಮುಟ್ಟಿಸಿದರೆ ಸಾಕು, ನಿಮ್ಮ ಕಾರ್ಯಕ್ರಮ ಅರ್ಧ ಗೆದ್ದ ಹಾಗೆ. ಯಾಕೆಂದರೆ ಸಿಕ್ಕಿಹಾಕಿಕೊಂಡ ಮಕ್ಕಳು ಬಾಯಿ ಬಿಡದೇ ಇರುವುದಕ್ಕೆ ದೊಡ್ಡ ಕಾರಣ ‘ತಪ್ಪು ನನ್ನದೇ ಅಲ್ವಾ’ ಅನ್ನುವ ಭಾವನೆ.

ತಪ್ಪು ಚಿತ್ರ ಮನಸ್ಸಿನಲ್ಲಿದ್ದರೆ ಇನ್ನೊಂದು ಅನಾಹುತವೂ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಕಾರಣಕ್ಕೆ, ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದುಬಿಟ್ಟರು. ವಾಟ್ಸ್ಯಾಪಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ಓಡಾಡುತ್ತಿದ್ದ ಕಾಲ ಅದು. ಅಪರಿಚಿತ ಅಂದರೆ ಕಳ್ಳ, ಪರಿಚಿತ ಅಂದರೆ ಒಳ್ಳೆಯವನು ಅನ್ನುವ ಲೆಕ್ಕ ಎರಡೂ ಕಡೆ ತಪ್ಪುತ್ತದೆ.

ಈಗ ಕಾರ್ಯಕ್ರಮದ ವಿಷಯ. ಭಾಷಣ ಬೇಡ. ರಾತ್ರಿ ಊಟ ಆದ ಮೇಲೆ ಮೆಸ್‌ನಲ್ಲೇ ಇಪ್ಪತ್ತು ಇಪ್ಪತ್ತೈದು ಜನ ಕೂರಿ. ಪ್ರತಿಯೊಬ್ಬರೂ ತಮ್ಮ ಫೋನಿಗೆ ಬಂದ ಕೆಲಸದ ಮೆಸೇಜುಗಳನ್ನು ತೆಗೆದು ಓದಲಿ. ಪಾರ್ಟ್ ಟೈಮ್, ಮಾಡೆಲಿಂಗ್, ಈವೆಂಟ್‌ನಲ್ಲಿ ನಿಲ್ಲುವ ಕೆಲಸ, ವಿದೇಶದಲ್ಲಿ ಡೇಟಾ ಎಂಟ್ರಿ, ಎಲ್ಲ ಬಂದಿರುತ್ತವೆ. ಒಂದೊಂದನ್ನೂ ತೆಗೆದುಕೊಂಡು ಕಂಪನಿ ನಿಜವಾಗಿ ಇದೆಯಾ, ಆಫೀಸ್ ಎಲ್ಲಿದೆ, ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಆ ಕೆಲಸಕ್ಕೆ ಅಷ್ಟು ಸಂಬಳ ಯಾಕೆ ಕೊಡುತ್ತಾರೆ ಅಂತ ಅಲ್ಲೇ ಕೂತು ಹುಡುಕಿ. ಆ ಒಂದು ಗಂಟೆಯಲ್ಲಿ ಕಲಿತದ್ದು ಯಾರಿಗೂ ಮರೆಯುವುದಿಲ್ಲ.

ಜುಲೈ 30 ಕಳ್ಳಸಾಗಣೆ ವಿರೋಧಿ ದಿನ, ಅವತ್ತು ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕೊನೇ ಸೆಮಿಸ್ಟರ್‌ನಲ್ಲಿ, ಪ್ಲೇಸ್‌ಮೆಂಟ್ ಸಿಗದವರು ಕಂಗಾಲಾಗಿ ಕೂತಿರುವಾಗ ಇನ್ನೊಮ್ಮೆ ಮಾಡಿ. ಮೂಗಿಗೆ ತುಪ್ಪ ಸವರುವವರು ಬರುವುದು ಆಗಲೇ. ಸಹಾಯವಾಣಿ ನಂಬರುಗಳನ್ನು ನೋಟಿಸ್ ಬೋರ್ಡಿಗಿಂತ ಬಾತ್‌ರೂಮ್ ಬಾಗಿಲಿನ ಒಳಗಡೆ ಅಂಟಿಸಿ, ಅಲ್ಲಿ ಒಬ್ಬರೇ ಇರುತ್ತಾರೆ, ಯಾರೂ ನೋಡುತ್ತಿರುವುದಿಲ್ಲ. 112 ಪೊಲೀಸ್, 181 ಮಹಿಳಾ ಸಹಾಯವಾಣಿ, 1098 ಮಕ್ಕಳಿಗೆ, 15100 ಉಚಿತ ಕಾನೂನು ನೆರವಿಗೆ.

ಮೈಸೂರಿನ ಒಡನಾಡಿಯಂಥ ಸಂಸ್ಥೆಗಳು ಎಷ್ಟೋ ವರ್ಷಗಳಿಂದ ಇದೇ ಕೆಲಸ ಮಾಡುತ್ತಿವೆ, ಅಂಥವರನ್ನು ಕರೆಸಿ. ಆದರೆ ಪಾರಾಗಿ ಬಂದ ಹುಡುಗಿಯನ್ನು ವೇದಿಕೆ ಮೇಲೆ ನಿಲ್ಲಿಸಿ ‘ನಿನ್ನ ಕಥೆ ಹೇಳಮ್ಮ’ ಅನ್ನಬೇಡಿ. ನಮ್ಮ ಅರಿವಿಗಾಗಿ ಅವಳು ಅದನ್ನೆಲ್ಲ ಮತ್ತೆ ಅನುಭವಿಸಬೇಕಾಗಿಲ್ಲ.

ಪ್ರಶ್ನೆ: ನನ್ನ ರೂಮ್‌ಮೇಟ್‌ಗೆ ಥಾಯ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ. ಡಿಜಿಟಲ್ ಮಾರ್ಕೆಟಿಂಗ್, ತಿಂಗಳಿಗೆ 80 ಸಾವಿರ. ಇಂಟರ್‌ವ್ಯೂ ಟೆಲಿಗ್ರಾಂನಲ್ಲೇ ಆಯಿತು, ಟೈಪಿಂಗ್ ಟೆಸ್ಟ್ ಒಂದು ಕೊಟ್ಟರಂತೆ. ಏಜೆಂಟ್ ನಮ್ಮ ಊರಿನ ಕಡೆಯವನೇ, ಈಗ ಟೂರಿಸ್ಟ್ ಆಗಿ ಹೋಗು, ವರ್ಕ್ ಪರ್ಮಿಟ್ ಅಲ್ಲಿ ಮಾಡಿಸ್ತಾರೆ ಅಂದಿದ್ದಾನೆ. ನನಗೆ ಯಾಕೋ ಸರಿ ಕಾಣುತ್ತಿಲ್ಲ. ಹೇಳಿದರೆ ಹೊಟ್ಟೆಕಿಚ್ಚು ಅಂತಾನೆ.
(ಎಂಜಿನಿಯರಿಂಗ್ ಅಂತಿಮ ವರ್ಷ, ಕಲಬುರಗಿ)

ನಿಮ್ಮ ಅನುಮಾನ ಸರಿ ಇದೆ. ದಯವಿಟ್ಟು ಬಿಡಬೇಡಿ, ಅವನು ಬೈದರೂ ಪರವಾಗಿಲ್ಲ.

ನೀವು ಬರೆದದ್ದರಲ್ಲಿ ಒಂದೊಂದು ವಿವರವೂ ಕೇಳಿ ಕೇಳಿ ಪರಿಚಯವಾಗಿರುವಂಥದ್ದೇ. ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಐ.ಟಿ. ಓದಿದ ಹುಡುಗರನ್ನು ‘ಡಿಜಿಟಲ್ ಸೇಲ್ಸ್ ಅಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್’ ಕೆಲಸ ಅಂತ ಥಾಯ್ಲೆಂಡಿಗೆ ಕರೆಸಿ, ಅಲ್ಲಿಂದ ಕದ್ದುಮುಚ್ಚಿ ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದು ಕೂಡಿಹಾಕುತ್ತಿದ್ದಾರೆ ಅಂತ. ದಾರಿ ಹೀಗಿರುತ್ತದೆ. ಬ್ಯಾಂಕಾಕ್‌ನಲ್ಲಿ ಇಳಿಯುತ್ತಾರೆ, ಕಾರು ಕಾದಿರುತ್ತದೆ, ಆಫೀಸು ಇಲ್ಲೇ ಹತ್ತಿರ ಅಂದುಕೊಂಡವರು ಗಂಟೆಗಟ್ಟಲೆ ಕಾರಿನಲ್ಲೇ ಇರುತ್ತಾರೆ, ಕೊನೆಗೆ ಮೇ ಸೋಟ್ ಅನ್ನುವ ಗಡಿ ಊರು ಬರುತ್ತದೆ. ಅಲ್ಲಿ ಮೋಯಿ ನದಿ, ಅಗಲವೇನೂ ಇಲ್ಲ. ಆಚೆ ದಡ ಮ್ಯಾನ್ಮಾರ್‌ನ ಮ್ಯಾವಡಿ. ದಾಟಿದ ಮೇಲೆ ಪಾಸ್‌ಪೋರ್ಟ್, ಫೋನ್ ಎರಡೂ ಕಿತ್ತುಕೊಳ್ಳುತ್ತಾರೆ.

ಅಲ್ಲಿರುವ ಕೆಲಸ ಏನು ಗೊತ್ತಾ? ಕಂಪ್ಯೂಟರ್ ಮುಂದೆ ಕೂತು, ಹುಡುಗಿಯ ಫೋಟೊ ಹಾಕಿಕೊಂಡು, ಬೇರೆ ಬೇರೆ ದೇಶದ ಜನರ ಜೊತೆ ಪ್ರೀತಿಯಿಂದ ಮಾತಾಡಿ, ಅವರ ಹಣವನ್ನು ಸುಳ್ಳು ಹೂಡಿಕೆಗೆ ಹಾಕಿಸುವುದು. ದಿನಕ್ಕೆ ಹದಿನೈದು ಹದಿನಾರು ಗಂಟೆ. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. ಬಿಟ್ಟು ಹೋಗ್ತೀನಿ ಅಂದರೆ ಮನೆಗೆ ಫೋನ್ ಮಾಡಿಸಿ ಲಕ್ಷಗಟ್ಟಲೆ ಕೇಳುತ್ತಾರೆ. ಮೋಸ ಹೋದ ಹುಡುಗನ ಕೈಯಿಂದಲೇ ಇನ್ನೊಬ್ಬರಿಗೆ ಮೋಸ ಮಾಡಿಸುವುದು ಇದರಲ್ಲಿ ಅತ್ಯಂತ ಕೆಟ್ಟದ್ದು ಅಂತ ನನಗನ್ನಿಸುತ್ತದೆ, ಅವನು ಊರಿಗೆ ಬಂದ ಮೇಲೂ ತಲೆ ಎತ್ತಿ ಮಾತಾಡಲಾರ.

2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳಲ್ಲಿ ಮೇ ಸೋಟ್‌ನಿಂದ 549 ಭಾರತೀಯರನ್ನು ಕರೆತಂದರು. ಮೊದಲ ದಿನ 283, ಮರುದಿನ 266. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ವಿಮಾನ ಕಳಿಸಬೇಕಾಯಿತು. ಆಗ ಬಂದವರನ್ನು ಥಾಯ್ಲೆಂಡಿನವರು ಗಡಿ ನುಸುಳಿದ ಕಾರಣಕ್ಕೆ ಹಿಡಿದಿಟ್ಟಿದ್ದರು. ಅಂದರೆ ತಪ್ಪಿಸಿಕೊಂಡು ಓಡಿ ಬಂದರೂ ಮೊದಲು ಎದುರಾಗುವುದು ಪೊಲೀಸ್ ಕೇಸ್.

ನಿಮ್ಮ ಜಿಲ್ಲೆಯಲ್ಲೇ ಆದದ್ದನ್ನು ರೂಮ್‌ಮೇಟ್‌ಗೆ ನೆನಪಿಸಿ. ಕಲಬುರಗಿ ಕಡೆಯ ಹುಡುಗರು ಸೆಕ್ಯೂರಿಟಿ ಕೆಲಸ ಅಂತ ನಂಬಿ ರಷ್ಯಾಗೆ ಹೋಗಿ, ಯುಕ್ರೇನ್ ಯುದ್ಧದ ನಡುವೆ ಸಿಕ್ಕಿಬಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದರು. ಅವರನ್ನೂ ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

‘ಹೋಗಬೇಡ’ ಅಂತ ವಾದ ಮಾಡಿದರೆ ಅವನು ಕೇಳುವುದಿಲ್ಲ. ಕೆಲಸ ಸಿಕ್ಕಿತು ಅಂತ ಮನೆಗೆ ಹೇಳಿ ಆಗಿರುತ್ತದೆ, ಸಾಲವೂ ಮಾಡಿರುತ್ತಾರೆ. ಅದರ ಬದಲು, ಒಂದು ಸಂಜೆ ಜೊತೆಯಲ್ಲಿ ಕೂತು ಪರೀಕ್ಷೆ ಮಾಡೋಣ ಅನ್ನಿ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್‌ಗೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಲೈಸೆನ್ಸ್ ಇರಲೇಬೇಕು. ಇ-ಮೈಗ್ರೇಟ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಅವರ ಪಟ್ಟಿ ಇದೆ, ಎರಡು ನಿಮಿಷದ ಕೆಲಸ. ಲೈಸೆನ್ಸ್ ಇರುವವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಫೀಸ್ ತೆಗೆದುಕೊಳ್ಳುವಂತಿಲ್ಲ. ಟೂರಿಸ್ಟ್ ಆಗಿ ಹೋಗಿ ಥಾಯ್ಲೆಂಡಿನಲ್ಲಿ ಕೆಲಸ ಮಾಡುವಂತಿಲ್ಲ, ಇದೊಂದೇ ಸಾಕು ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ ಅಂತ ತಿಳಿಯಲು. ಆಫರ್ ಲೆಟರ್‌ನಲ್ಲಿರುವ ಕಂಪನಿ ಹೆಸರು, ವಿಳಾಸ ತೆಗೆದುಕೊಂಡು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಇಮೇಲ್ ಮಾಡಿ ಕೇಳಬಹುದು.

ಇಷ್ಟಾದರೂ ಹೊರಟೇಬಿಟ್ಟರೆ, ಪಾಸ್‌ಪೋರ್ಟ್, ಟಿಕೆಟ್, ಏಜೆಂಟ್‌ನ ನಂಬರ್, ಸಾಧ್ಯವಾದರೆ ಅವನ ಫೋಟೊ, ಎಲ್ಲದರ ಪ್ರತಿ ನಿಮ್ಮ ಹತ್ತಿರ ಇರಲಿ. ಇಬ್ಬರಿಗೇ ಗೊತ್ತಿರುವ ಒಂದು ಮಾತು ಗೊತ್ತು ಮಾಡಿಕೊಳ್ಳಿ. ‘ಅಜ್ಜಿ ಹೇಗಿದ್ದಾರೆ’ ಅಂತ ಮೆಸೇಜ್ ಬಂದರೆ ಅಪಾಯ ಅಂತ ಅರ್ಥ, ಹಾಗೆ. ಬಂತು ಅಂದರೆ 112ಕ್ಕೆ, ರಾಯಭಾರ ಕಚೇರಿಗೆ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ಗೆ ಒಟ್ಟಿಗೇ ತಿಳಿಸಿ. ಠಾಣೆಯಲ್ಲಿ ‘ಇದು ನಮ್ಮ ಲಿಮಿಟ್ ಅಲ್ಲ’ ಅಂದರೆ ಝೀರೋ ಎಫ್‌ಐಆರ್ ಮಾಡಿ ಅನ್ನಿ, ಯಾವ ಠಾಣೆಯಾದರೂ ಬರೆದುಕೊಳ್ಳಲೇಬೇಕು.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದವನು ಏಳು ತಿಂಗಳಿಂದ ಮಾತಾಡುತ್ತಿದ್ದಾನೆ. ನನ್ನ ಕೆಲವು ಫೋಟೊ ಅವನ ಹತ್ತಿರ ಇವೆ. ಗೋವಾದಲ್ಲಿ ಶೂಟಿಂಗ್ ಇದೆ, ಎರಡು ದಿನಕ್ಕೆ 25 ಸಾವಿರ ಕೊಡ್ತಾರೆ, ಬಾ ಅಂತ ಒತ್ತಾಯ. ಬರಲ್ಲ ಅಂದಿದ್ದಕ್ಕೆ ಈಗ ಫೋಟೊ ವಿಷಯ ಎತ್ತುತ್ತಿದ್ದಾನೆ. ವಾರ್ಡನ್‌ಗೆ ಹೇಳಿದರೆ ಅಪ್ಪನಿಗೆ ಫೋನ್ ಮಾಡ್ತಾರೆ, ಓದು ಬಿಡಿಸ್ತಾರೆ. ಏನು ಮಾಡಲಿ?
(ಹೆಸರು ಬೇಡ, ಹಾಸನ)

ಮೊದಲು ಗೋವಾಕ್ಕೆ ಹೋಗಬೇಡ ಮಗಳೇ. ಫೋಟೊಗಳಿಗೆ ಹೆದರಿ ಒಮ್ಮೆ ಹೋದರೆ ಅಲ್ಲಿ ಇನ್ನಷ್ಟು ಫೋಟೊ, ಇನ್ನಷ್ಟು ಹೆದರಿಕೆ. ನಿನ್ನ ಫೋಟೊ ನೀನು ಕಳಿಸಿದ್ದು ಅಪರಾಧ ಅಲ್ಲ, ಅದನ್ನು ಇಟ್ಟುಕೊಂಡು ಬೆದರಿಸುವುದು ಅಪರಾಧ.

ಚಾಟ್ ಅಳಿಸಬೇಡ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಗೆಳತಿಗೆ ಕಳಿಸಿಡು. ಆಮೇಲೆ ಅವನಿಗೆ ಉತ್ತರ ಕೊಡುವುದು ನಿಲ್ಲಿಸು, ಹಣ ಕೇಳಿದರೂ ಕೊಡಬೇಡ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಇಂಥ ವಿಷಯಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಸ್ಟಾಪ್‌ಎನ್‌ಸಿಐಐ ಅನ್ನುವ ವೆಬ್‌ಸೈಟ್ ಇದೆ, ಹದಿನೆಂಟು ದಾಟಿದವರಿಗೆ. ಫೋಟೊ ನಿನ್ನ ಫೋನಿನಿಂದ ಆಚೆ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಯಾರಾದರೂ ಅದೇ ಫೋಟೊ ಹಾಕಲು ಹೋದರೆ ತಡೆಯಲು ಆ ಸಂಖ್ಯೆ ನೆರವಾಗುತ್ತದೆ. 181ಕ್ಕೆ ಮಾಡಿದರೆ ಹೆಣ್ಣುಮಕ್ಕಳೇ ಮಾತಾಡುತ್ತಾರೆ.

ವಾರ್ಡನ್ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಕಷ್ಟ. ನಾನು ವಾರ್ಡನ್ ಆಗಿ ಮೂರನೇ ವರ್ಷ, ಒಂದು ರಾತ್ರಿ ಎಂಟೂವರೆಗೆ ಔಟ್‌ಪಾಸ್ ರಿಜಿಸ್ಟರ್ ನೋಡುತ್ತಿದ್ದೆ. ಕೊನೇ ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ಎಂಟರ ಮೇಲೆ ಯಾಕೆ ಬಂದೆ, ನಿಯಮ ಗೊತ್ತಿಲ್ವಾ ಅಂದೆ. ‘ಏನಿಲ್ಲ ಮೇಡಂ’ ಅಂತ ಹೊರಟುಹೋದಳು. ಆ ವಾರವೇ ಅವಳು ಚಿಕ್ಕಮ್ಮನ ಪರಿಚಯದವರ ಜೊತೆ ಮುಂಬೈಗೆ ಏರ್‌ಹೋಸ್ಟೆಸ್ ತರಬೇತಿ ಅಂತ ಹೋದಳು. ಅಲ್ಲಿ ತರಬೇತಿ ಇರಲಿಲ್ಲ. ಇಪ್ಪತ್ತಮೂರು ದಿನ ಆದ ಮೇಲೆ ಪಕ್ಕದ ಮನೆಯವರ ಫೋನಿನಿಂದ ಪೊಲೀಸರಿಗೆ ಕರೆ ಹೋಗಿ ವಾಪಸ್ ಬಂದಳು. ನನ್ನನ್ನು ನೋಡಿದಾಗ ಹೇಳಿದ್ದು ಒಂದೇ ಮಾತು, ‘ಅವತ್ತು ಆ ಲೆಟರ್ ನಿಮಗೆ ತೋರಿಸೋಕೆ ಬಂದಿದ್ದೆ ಮೇಡಂ.’

ಹಾಗಾಗಿ ಈ ಪತ್ರ ಓದುತ್ತಿರುವ ವಾರ್ಡನ್‌ಗಳಿಗೆ ಕೈಮುಗಿದು ಕೇಳುತ್ತೇನೆ. ಅಪ್ಪನಿಗೆ ಫೋನ್ ಮಾಡ್ತೀನಿ ಅನ್ನುವ ಒಂದು ಬೆದರಿಕೆ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಹುಡುಗಿಯರು ನಮಗೆ ಹೆದರಿದಷ್ಟೂ ಆ ಕಡೆ ಇರುವವನಿಗೆ ಅನುಕೂಲ. ‘ಯಾರಿಗೂ ಹೇಳಬೇಡ’ ಅಂತ ಅವನು ಹೇಳುವುದನ್ನು ನಾವೇ ಅವನ ಪರವಾಗಿ ಹೇಳಿದಂತಾಗುತ್ತದೆ.

ನಿನ್ನ ವಾರ್ಡನ್ ಬೇಡ ಅನ್ನಿಸಿದರೆ, ಪಾಠ ಮಾಡುವವರಲ್ಲಿ ನಿನಗೆ ಹತ್ತಿರ ಅನ್ನಿಸುವ ಮೇಡಂ ಒಬ್ಬರು ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗು, ಗೆಳತಿಯನ್ನು ಜೊತೆಯಲ್ಲಿ ಕರೆದುಕೊಂಡು ಹೋಗು. ನನಗೂ ಬರೆ.

ಪ್ರಶ್ನೆ: ನಮ್ಮ ಕ್ಯಾಂಪಸ್‌ನ ಸ್ಟಾಫ್ ಕ್ವಾರ್ಟರ್ಸ್‌ನಲ್ಲಿ ಒಬ್ಬ ಪ್ರಾಧ್ಯಾಪಕರ ಮನೆಯಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗಿ ಇದ್ದಾಳೆ. ನೆಂಟರ ಮಗು ಅಂತಾರೆ. ಆದರೆ ಶಾಲೆಗೆ ಹೋಗುವುದನ್ನು ನೋಡಿಲ್ಲ, ಬೆಳಗ್ಗೆ ಆರಕ್ಕೇ ಬಾಗಿಲು ತೊಳೆಯುತ್ತಿರುತ್ತಾಳೆ. ಅವಳ ಮಾತು ನಮ್ಮ ಕನ್ನಡ ಅಲ್ಲ. ಇದೂ ಕಳ್ಳಸಾಗಣೆ ಆಗುತ್ತದೆಯೇ? ಅವರು ನನ್ನ ಗೈಡ್, ನನ್ನ ಭವಿಷ್ಯದ ಭಯ ಇದೆ.
(ಎಂ.ಎ. ವಿದ್ಯಾರ್ಥಿನಿ, ಧಾರವಾಡ)

ಈ ಪತ್ರ ಓದಿ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಕಳ್ಳಸಾಗಣೆ ಅಂದರೆ ಎಲ್ಲೋ ಗಡಿಯಾಚೆ ಅಂದುಕೊಂಡು ಪೋಸ್ಟರ್ ಅಂಟಿಸುತ್ತೇವೆ. ಆ ಪೋಸ್ಟರ್ ಕೆಳಗೇ ಒಂದು ಮಗು ನೆಲ ಒರೆಸುತ್ತಿರುತ್ತದೆ.

ನಿಜವಾಗಿ ನೆಂಟರ ಮಗು ಆಗಿದ್ದರೂ ಆಗಿರಬಹುದು. ಅದನ್ನು ಪತ್ತೆ ಮಾಡುವುದು ನಿಮ್ಮ ಕೆಲಸ ಅಲ್ಲ. ಅವರನ್ನು ಹೋಗಿ ಕೇಳಬೇಡಿ, ಮಗುವನ್ನು ಕರೆದು ವಿಚಾರಿಸಲೂಬೇಡಿ, ರಾತ್ರೋರಾತ್ರಿ ಅವಳನ್ನು ಬೇರೆ ಕಡೆ ಸಾಗಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ. 1098ಕ್ಕೆ ಫೋನ್ ಮಾಡಿ, ಮನೆ ಎಲ್ಲಿದೆ, ನೀವು ಕಣ್ಣಾರೆ ನೋಡಿದ್ದೇನು, ಯಾವ ಹೊತ್ತಿಗೆ, ಇಷ್ಟನ್ನೇ ಹೇಳಿ. ನಿಮ್ಮ ಹೆಸರು ಹೇಳಬೇಕಾಗಿಲ್ಲ. ಅಧಿಕಾರಿಗಳು ಬಂದು ನೋಡಿ, ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವಿನ ಮುಂದಿನ ದಾರಿ ಸಮಿತಿ ನೋಡಿಕೊಳ್ಳುತ್ತದೆ.

14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ 2006ರಲ್ಲೇ ನಿಷೇಧ ಬಂದಿದೆ. ಹದಿನೆಂಟರೊಳಗಿನ ಮಗುವನ್ನು ಜೀತದ ಹಾಗೆ ದುಡಿಸಿದರೆ, ಅಥವಾ ಅದರ ಸಂಬಳವನ್ನು ಕೊಡದೆ ಇಟ್ಟುಕೊಂಡರೆ, ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು. ಮಗುವನ್ನು ಯಾರಾದರೂ ಮಧ್ಯವರ್ತಿ ತಂದು ಬಿಟ್ಟು, ಅಪ್ಪ-ಅಮ್ಮನಿಗೆ ಮುಂಗಡ ಕೊಟ್ಟು ಬಂದಿದ್ದರೆ, ಅದು ಕಳ್ಳಸಾಗಣೆಯೂ ಹೌದು, 1976ರಲ್ಲೇ ರದ್ದಾದ ಜೀತವೂ ಹೌದು. ‘ನಮ್ಮ ಮನೇಲಿ ಹೊಟ್ಟೆ ತುಂಬ ಊಟ ಹಾಕ್ತೀವಿ’ ಅನ್ನುವ ಮಾತನ್ನು ತುಂಬಾ ಓದಿದವರ ಬಾಯಲ್ಲೇ ಕೇಳಿದ್ದೇನೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕ್ಯಾಂಪಸ್ ಫೋನಿನಿಂದ ಬೇಡ, ಊರಿಗೆ ಹೋದಾಗ ಮನೆಯವರ ಫೋನಿನಿಂದ ಮಾಡಿ. ಆದರೆ ಮಾಡಿ. ಹಾಗೇ ನಿಮ್ಮ ಮೆಸ್‌ನಲ್ಲಿ ಪಾತ್ರೆ ತೊಳೆಯುವ ಹುಡುಗರನ್ನೂ ಒಮ್ಮೆ ನೋಡಿ. ಎಲ್ಲಿಯವರು, ಸಂಬಳ ಕೈಗೆ ಬರುತ್ತದಾ, ಹಬ್ಬಕ್ಕೆ ಊರಿಗೆ ಹೋಗಲು ಬಿಡುತ್ತಾರಾ ಅಂತ ಮಾತಿನ ನಡುವೆ ಗೊತ್ತಾಗುತ್ತದೆ.

ಪ್ರಶ್ನೆ: ಒಬ್ಬ ಸೀನಿಯರ್, ಕೆಲಸ ಹುಡುಕುತ್ತಿರುವ ಹುಡುಗಿಯರ ನಂಬರ್ ಕೊಟ್ಟರೆ ಒಬ್ಬೊಬ್ಬರಿಗೆ 2,000 ಕೊಡ್ತೀನಿ ಅಂದಿದ್ದಾನೆ. ಸುಮ್ನೆ ನಂಬರ್ ಕೊಡೋದರಲ್ಲಿ ತಪ್ಪೇನು?
(ಬಿ.ಕಾಂ., ತುಮಕೂರು)

ಕೊಡಬೇಡಿ. ಒಂದು ನಂಬರಿಗೆ ಎರಡು ಸಾವಿರ ಕೊಡುವವನು ಆ ಹುಡುಗಿಯಿಂದ ಎಷ್ಟು ದುಡಿಯಲು ಹೊರಟಿದ್ದಾನೆ ಅಂತ ಒಮ್ಮೆ ಲೆಕ್ಕ ಹಾಕಿ. ನಾಳೆ ಏನಾದರೂ ಆದರೆ ಪೊಲೀಸರು ಮೊದಲು ಹುಡುಕುವುದು ಅವಳ ನಂಬರ್ ಯಾರು ಕೊಟ್ಟರು ಅಂತ, ಮತ್ತು ಜನ ಸೇರಿಸಿಕೊಡುವವರೂ ಆ 143ನೇ ಕಲಂನೊಳಗೇ ಬರುತ್ತಾರೆ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಆ ಹುಡುಗಿಗೆ ಫೋನ್ ಮಾಡಿ ಹೇಳಿ.

ಪ್ರಶ್ನೆ: ಇದನ್ನೆಲ್ಲ ಓದಿದರೆ ಮಗಳನ್ನು ಹಾಸ್ಟೆಲ್‌ಗೆ ಕಳಿಸಲು ಭಯವಾಗುತ್ತದೆ. ವಾಪಸ್ ಕರೆಸಿಕೊಳ್ಳಲೇ? ಫೋನ್ ಆದರೂ ಕಿತ್ತುಕೊಳ್ಳಲೇ?
(ಒಬ್ಬ ತಂದೆ, ಶಿರಸಿ)

ಎರಡೂ ಬೇಡ. ಮನೆಯಲ್ಲಿ ಕೂರಿಸಿದ ಹುಡುಗಿಗೂ ‘ಒಳ್ಳೆ ಸಂಬಂಧ, ವರದಕ್ಷಿಣೆ ಬೇಡ, ದೂರದ ಊರು’ ಅಂತ ಬರುವವರಿದ್ದಾರೆ. ಉತ್ತರ ಭಾರತದ ಕಡೆ ಹಾಗೆ ಮದುವೆಯ ಹೆಸರಲ್ಲೇ ಹೆಣ್ಣುಮಕ್ಕಳನ್ನು ಸಾಗಿಸಿದ್ದಾರೆ. ಫೋನ್ ಕಿತ್ತುಕೊಂಡರೆ ಅಪಾಯ ಬಂದಾಗ ಅವಳು ನಿಮಗೆ ಹೇಗೆ ತಿಳಿಸಬೇಕು?

ಅವಳ ರೂಮಿನಲ್ಲಿ ಜೊತೆಗಿರುವವರ ಹೆಸರು ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಇವತ್ತು ರಾತ್ರಿ ಕೇಳಿ, ಅವರಲ್ಲಿ ಒಬ್ಬರ ನಂಬರ್ ಬರೆದುಕೊಳ್ಳಿ, ನಿಮ್ಮ ನಂಬರನ್ನು ಅವರಿಗೂ ಕೊಡಿಸಿ. ಜೊತೆಗೆ ಮಗಳಿಗೆ ಒಂದು ಮಾತು ಹೇಳಿಬಿಡಿ: ಏನೇ ತಪ್ಪು ಮಾಡಿದ್ದರೂ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಫೋನ್ ಮಾಡು, ಅವತ್ತು ನಾನು ಬೈಯುವುದಿಲ್ಲ, ಬಸ್ ಹತ್ತಿ ಬರುತ್ತೇನೆ.